ಪ್ರಶ್ನೋತ್ತರ: ಹಳೆಯ ಜೆಟ್ ವಿಮಾನ ಹತ್ತಬಹುದಾ?

ಅಡ್ಮಿನ್: ವಿಮಾನಗಳ ಮೈತಗಡು, ಚೌಕಟ್ಟು ತಪಾಸಣೆ ಮಾಡುವ ಇಂಜಿನಿಯರ್ ಮೇಡಂ ಇವತ್ತು ನಮ್ಮ ಜೊತೆ ಇದ್ದಾರೆ. ಹಳೆಯ ಜೆಟ್‌ಗಳ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಹಾಕಬೇಡಿ.

ಪಯಣಿಗ: ನಮಸ್ಕಾರ ಮೇಡಂ. ವಿಮಾನಕ್ಕೆ ಆಯಸ್ಸು ಎಷ್ಟು? 30 ವರ್ಷದ್ದನ್ನು ಹತ್ತಬಹುದಾ?

ಇಂಜಿನಿಯರ್: ನಮಸ್ಕಾರ. ವರ್ಷಕ್ಕಿಂತ ಮುಖ್ಯ, ಅದು ಎಷ್ಟು ಸಲ ಏರಿ ಇಳಿದಿದೆ ಅನ್ನೋದು. ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯ ಒತ್ತಡಕ್ಕೆ ಮೈತಗಡು ಬಿಗಿಯುತ್ತೆ, ಇಳಿದಾಗ ಸಡಿಲುತ್ತೆ. ಇದಕ್ಕೆ ಒಂದು ಸೈಕಲ್ ಅಂತೀವಿ. 1988ರ ಏಪ್ರಿಲ್‌ನಲ್ಲಿ ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737-200 ವಿಮಾನದ ಮುಂಭಾಗದ ಛಾವಣಿ ಆಕಾಶದಲ್ಲೇ ಕಿತ್ತುಹೋಯಿತು. ಅದಕ್ಕೆ ಆಗ 19 ವರ್ಷ ಅಷ್ಟೇ. ಆದರೆ ದ್ವೀಪದಿಂದ ದ್ವೀಪಕ್ಕೆ ಗಿಡ್ಡ ಹಾರಾಟ ಮಾಡಿ ಮಾಡಿ 89,680 ಸೈಕಲ್ ಮುಗಿಸಿತ್ತು, ಜೊತೆಗೆ ಸಮುದ್ರದ ಉಪ್ಪುಗಾಳಿ ಬೇರೆ. ಖಂಡ ದಾಟುವ 30 ವರ್ಷದ ವಿಮಾನ ಅದರ ಕಾಲು ಭಾಗವನ್ನೂ ಮುಟ್ಟಿರಲಿಕ್ಕಿಲ್ಲ. ಆಮೇಲೆ ಬಂದ ಅಮೆರಿಕದ ನಿಯಮದಲ್ಲಿ ದೊಡ್ಡ ಜೆಟ್‌ಗಳ ಒಂದೊಂದು ಮಾದರಿಗೂ ಸೈಕಲ್ ಅಥವಾ ಗಂಟೆಯ ಮಿತಿ ಇಟ್ಟಿದ್ದಾರೆ.

ಮಳೆಹನಿ: ಅಕ್ಕ, ಇದು ನಿಜಾನಾ? “ರೆಕ್ಕೆ ಮೇಲೆ ಬೆಳ್ಳಿ ಟೇಪ್ ಕಂಡರೆ ವಿಮಾನ ಮುದಿಯಾಗಿದೆ, ಕೂಡಲೇ ಇಳಿದುಬಿಡಿ. ಹತ್ತು ಜನಕ್ಕೆ ಕಳಿಸಿ.”

ಇಂಜಿನಿಯರ್: ಸುಳ್ಳು. ಅದು ಸ್ಪೀಡ್ ಟೇಪ್, ಅಲ್ಯೂಮಿನಿಯಂನದು. ಬಣ್ಣ ಎದ್ದ ಜಾಗಕ್ಕೆ ಬೋಯಿಂಗ್‌ನ ಹೊಸ 787 ವಿಮಾನದ ರೆಕ್ಕೆಗೂ ಅಂಟಿಸುತ್ತಾರೆ. ಇಂಥದ್ದನ್ನು ನಂಬಿ ಯಾರಾದರೂ ಗಾಬರಿಯಲ್ಲಿ ತುರ್ತು ಬಾಗಿಲು ಎಳೆದರೆ ತುರ್ತಾಗಿ ಇಳಿಯಲು ಇಟ್ಟ ಜಾರುಬಂಡೆ ಸಿಡಿದು ಬಿಚ್ಚಿಕೊಳ್ಳುತ್ತೆ, ಕೆಳಗೆ ಕೆಲಸ ಮಾಡುವವರಿಗೆ ಪೆಟ್ಟಾಗುತ್ತೆ. ದಯವಿಟ್ಟು ಯಾರಿಗೂ ಕಳಿಸಬೇಡಿ.

ಹಿಮಗಿರಿ: ನಮ್ಮ ಯಜಮಾನರು ಉತ್ತರ ಕೆನಡಾದ ಗಣಿಗೆ ಹೋಗೋದು 737-200ರಲ್ಲಿ, ಇಳಿಯೋದು ಜಲ್ಲಿ ರನ್‌ವೇ ಮೇಲೆ. ಇಷ್ಟು ಹಳೇದನ್ನೇ ಯಾಕೆ ಇಟ್ಟುಕೊಂಡಿದ್ದಾರೆ?

ಇಂಜಿನಿಯರ್: ಆ ಕೆಲಸಕ್ಕೆ ಹೊಸ 737 ಆಗಲ್ಲ. ಅದರ ದಪ್ಪ ಇಂಜಿನ್ ನೆಲಕ್ಕೆ ತೀರಾ ಹತ್ತಿರ, ಕಲ್ಲು ಒಳಗೆ ಎಳೆದುಕೊಳ್ಳುತ್ತೆ. 200ರ ಇಂಜಿನ್ ಸಪೂರ. ಮುಂದಿನ ಚಕ್ರದ ಹತ್ತಿರ ಕಲ್ಲು ತಡೆಯುವ ಹಲಗೆ, ಇಂಜಿನ್ ಬಾಯಿಗೆ ಮುಂದೆ ಗಾಳಿ ಊದುವ ಕೊಳವೆ, ಇಷ್ಟನ್ನು ಬೋಯಿಂಗ್ ಕಂಪನಿಯೇ ಈ ಕೆಲಸಕ್ಕೆಂದು ಮಾಡಿಕೊಟ್ಟಿತ್ತು. ಅವರು ನಿಶ್ಚಿಂತೆಯಿಂದ ಹೋಗಿಬರಲಿ.

ರಾತ್ರಿಪಾಳಿ: ಮೇಡಂ, ನಾನು ಸರಕು ವಿಮಾನಕ್ಕೆ ಲೋಡ್ ಮಾಡುವವನು. ಮೊದಲು ಪ್ರಯಾಣಿಕರದ್ದಾಗಿದ್ದ ಒಂದು ಹಳೇ ಜೆಟ್ ಬರುತ್ತೆ. ಬಾಲದ ಕಡೆ ಹೊಟ್ಟೆ ಕೆಳಗೆ ಬಾಗಿಲಗಲದ ತೇಪೆ ಇದೆ. ಅದರ ಅಂಚಿಂದ ಕಂದು ಗೆರೆಗಳು ಹಿಂದಕ್ಕೆ ಎಳೆದ ಹಾಗಿವೆ. ಒಂದು ಸಲ ಬಟ್ಟೆಯಲ್ಲಿ ಒರೆಸಿದೆ, ಮುಂದಿನ ಸಲ ಬಂದಾಗ ಮತ್ತೆ ಇತ್ತು. ಮೇಲಿನವರು “ಮೊದಲಿಂದಲೂ ಹಾಗೇ ಇದೆ” ಅಂತಾರೆ.

ಬಾಲಂಗೋಚಿ: ಹಿಂದಿನ ಸೀಟು ಸೇಫ್ ಅಂತಾರಲ್ಲ, ಹಳೇ ವಿಮಾನದಲ್ಲೂ ಹಾಗೇನಾ?

ಇಂಜಿನಿಯರ್: ರಾತ್ರಿಪಾಳಿಯವರೇ, “ಮೊದಲಿಂದಲೂ ಹಾಗೇ ಇದೆ” ಅನ್ನೋ ಮಾತೇ ನನಗೆ ಹೆದರಿಕೆ ತರೋದು. 2002ರ ಮೇ 25ರಂದು ತೈಪೆಯಿಂದ ಹಾಂಗ್‌ಕಾಂಗ್‌ಗೆ ಹೊರಟ ಚೈನಾ ಏರ್‌ಲೈನ್ಸ್‌ನ 747-200 ಆಕಾಶದಲ್ಲೇ ಮುರಿದು 225 ಜನ ತೀರಿಕೊಂಡರು. 1980ರಲ್ಲಿ ಅದರ ಬಾಲ ರನ್‌ವೇಗೆ ಉಜ್ಜಿತ್ತು. ಗೀರು ಬಿದ್ದ ತಗಡನ್ನು ಕತ್ತರಿಸಿ ತೆಗೆಯಬೇಕಿತ್ತು. ತೆಗೆಯದೆ ಮೇಲೊಂದು ತಗಡು ಹೊದಿಸಿ ರಿವೆಟ್ ಹೊಡೆದರು. ಆ ಗೀರುಗಳಲ್ಲಿ ಹುಟ್ಟಿದ ಬಿರುಕು ತೇಪೆಯ ಅಡಿಯಲ್ಲಿ 22 ವರ್ಷ ಬೆಳೆಯಿತು. ಹೊರಗಿಂದ ನೋಡಿದವರಿಗೆ ತೇಪೆ ಗಟ್ಟಿಯಾಗೇ ಕಂಡಿತು. ಆದರೆ ಅಪಘಾತಕ್ಕೆ ಕೆಲವು ತಿಂಗಳ ಹಿಂದೆ ತೆಗೆದ ಫೋಟೊಗಳಲ್ಲಿ ತೇಪೆಯ ಸುತ್ತ ಕಲೆಗಳಿದ್ದವು. 1985ರಲ್ಲಿ ಜಪಾನ್ ಏರ್‌ಲೈನ್ಸ್‌ನ 747ರಲ್ಲಿ 520 ಜನ ಸತ್ತದ್ದೂ ಏಳು ವರ್ಷ ಹಿಂದಿನ ತಪ್ಪು ರಿಪೇರಿಯಿಂದ.

ಕಂದು ಗೆರೆ ಅಂದಮಾತ್ರಕ್ಕೆ ಬಿರುಕು ಅಂತಲ್ಲ. ತುಕ್ಕು ತಡೆಯುವ ಎಣ್ಣೆ, ಹೈಡ್ರಾಲಿಕ್ ಎಣ್ಣೆ ಸೋರಿದರೂ ಹಾಗೇ ಕಾಣುತ್ತೆ. ಆದರೆ ಒರೆಸಿದ ಮೇಲೂ ಬಂದಿದೆ ಅಂದರೆ ಎಲ್ಲಿಂದಲೋ ಈಗಲೂ ಬರುತ್ತಿದೆ. ಇನ್ನು ಒರೆಸಬೇಡಿ, ಅದು ಸಾಕ್ಷಿ. ಮುಂದಿನ ಸಲ ಪೈಲಟ್ ವಿಮಾನದ ಸುತ್ತ ನೋಡಿಕೊಂಡು ಬರುವಾಗ ಕರೆದು, ಬೆರಳಿಟ್ಟು ತೋರಿಸಿ, ಲಾಗ್‌ಬುಕ್‌ನಲ್ಲಿ ಬರೆಯಲು ಕೇಳಿ. ಬರೆದ ಮೇಲೆ ಇಂಜಿನಿಯರ್ ಒಬ್ಬರು ನೋಡಿ ಸಹಿ ಹಾಕಲೇಬೇಕು. ನೀವೂ ತಾರೀಖು, ವಿಮಾನದ ನೋಂದಣಿ ಸಂಖ್ಯೆ ಹಾಕಿ ಲಿಖಿತವಾಗಿ ಕೊಡಿ. ತಡ ಮಾಡಬೇಡಿ.

ವಾಯುವೇಗ: ಅದಕ್ಕೇ ಹೇಳೋದು, ಇವನ್ನೆಲ್ಲ ಗುಜರಿಗೆ ಹಾಕಿ ಅಂತ. ಶ್ರೀಮಂತ ದೇಶಗಳು ಮುದಿ ವಿಮಾನಗಳನ್ನು ಬಡವರ ಕಡೆ ತಳ್ಳುತ್ತವೆ. ಇರಾನ್‌ನಲ್ಲಿ 2019ರವರೆಗೂ ಹಳೇ ಬೋಯಿಂಗ್ 727ರಲ್ಲಿ ಜನ ಓಡಾಡಿದರು.

ನೀಲಿಬಾನು: ಇರಾನ್‌ಗೆ ಯಾರೂ ತಳ್ಳಲಿಲ್ಲ ರೀ, ನಿರ್ಬಂಧದಿಂದ ಹೊಸದು ಕೊಳ್ಳೋಕೆ ಬಿಡಲಿಲ್ಲ. 757 ತಯಾರಿಕೆ ನಿಂತಿದ್ದು 2004ರಲ್ಲಿ. ಅಮೆರಿಕದ ಡೆಲ್ಟಾ, ಯುನೈಟೆಡ್ ಈಗಲೂ ಹಾರಿಸುತ್ತಿವೆ, ಅವರು ಬಡವರಾ?

ವಾಯುವೇಗ: 2025ರ ನವೆಂಬರ್‌ನಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಬಿದ್ದ ಎಂಡಿ-11 ಸರಕು ವಿಮಾನಕ್ಕೆ 34 ವರ್ಷ. ಅದಕ್ಕೇನಂತೀರಿ?

ನೀಲಿಬಾನು: 2018, 2019ರಲ್ಲಿ ಬಿದ್ದ ಎರಡು 737 ಮ್ಯಾಕ್ಸ್‌ಗಳಿಗೆ ವರ್ಷವೂ ತುಂಬಿರಲಿಲ್ಲ. 346 ಜನ ಸತ್ತರು. ಅದಕ್ಕೆ ನೀವೇನಂತೀರಿ?

ವಾಯುವೇಗ: ಅವು ಬಿದ್ದದ್ದು ಸಾಫ್ಟ್‌ವೇರ್ ತಪ್ಪಿನಿಂದ, ಆ ವಿಷಯ ಇಲ್ಲಿ ಯಾಕೆ? ಗೊತ್ತಿಲ್ಲದಿದ್ದರೆ ಸುಮ್ಮನಿರಿ.

ನೀಲಿಬಾನು: ಸುಮ್ಮನಿರೋಕೆ ಹೇಳೋಕೆ ನೀವ್ಯಾರು?

ಇಂಜಿನಿಯರ್: ಇಬ್ಬರೂ ನಿಲ್ಲಿಸಿ. ಲೂಯಿವಿಲ್‌ನಲ್ಲಿ ಇಂಜಿನ್ ತನ್ನನ್ನು ರೆಕ್ಕೆಗೆ ತೂಗಿಸುವ ಕಂಬದ ಸಮೇತ ಕಳಚಿತು, ಕಂಬ ಹಿಡಿದಿಡುವ ಲೋಹದ ಕಿವಿಯಲ್ಲಿ ದಣಿವಿನ ಬಿರುಕು, ಅಂದರೆ ಮತ್ತೆ ಮತ್ತೆ ಭಾರ ಬಿದ್ದು ಹುಟ್ಟುವ ಬಿರುಕು, ಸಿಕ್ಕಿತು. ಹಳೇ ವಿಮಾನದಲ್ಲಿ ಹುಡುಕಬೇಕಾದದ್ದೇ ಇಂಥದ್ದು. ಹುಡುಕುವ ಹಣ, ಕೈ, ಬಿಡಿಭಾಗ ಇರುವ ಕಡೆ ಹಳೇದು ಹಾರಬಹುದು. ಇಲ್ಲದ ಕಡೆ ಹತ್ತು ವರ್ಷದ್ದನ್ನೂ ನಾನು ನಂಬಲ್ಲ.

ಮೋಡಗಣ್ಣು: 30 ವರ್ಷದ ವಿಮಾನ ಹತ್ತಬಹುದಾ ಮೇಡಂ?

ಇಂಜಿನಿಯರ್: ಮೊದಲ ಉತ್ತರ ಓದಿ.

ಹಳೇಬೇರು: ರೆಕ್ಕೆ ತುಂಬಾ ಅಲ್ಲಾಡಿದರೆ ಹಳೇದು ಅಂತ ವಿಡಿಯೋ ಬಂದಿದೆ, ಹಾಕಲಾ?

ಇಂಜಿನಿಯರ್: ಬೇಡ. ರೆಕ್ಕೆ ಬಾಗಲೇಬೇಕು.

ಬಾಲಂಗೋಚಿ: ನನ್ನ ಸೀಟಿನ ಪ್ರಶ್ನೆ ಹಾಗೇ ಉಳಿಯಿತು.

ರಾತ್ರಿಪಾಳಿ: ಮೇಡಂ, ವಿಮಾನ ಈಗ ತಾನೇ ಬಂತು. ಪೈಲಟ್‌ಗೆ ತೋರಿಸಿದೆ. ಲಾಗ್‌ಬುಕ್‌ನಲ್ಲಿ ಬರೆದರು. ಇಲ್ಲಿನ ಇಂಜಿನಿಯರ್ ಟಾರ್ಚ್ ಹಾಕಿ ನೋಡಿ ವಿಮಾನ ಬಿಡ್ತಾರಂತೆ.

ಇಂಜಿನಿಯರ್: ಟಾರ್ಚ್ ಸಾಲದು. ತೇಪೆ ಅಡಿಯದ್ದು ಕಣ್ಣಿಗೆ ಕಾಣಲ್ಲ. ಎಡ್ಡಿ ಕರೆಂಟ್ (ವಿದ್ಯುತ್ತಿನಿಂದ) ಇಲ್ಲವೇ ಅಲ್ಟ್ರಾಸೋನಿಕ್ (ಶಬ್ದದ ಅಲೆಯಿಂದ) ಬಿರುಕು ಹುಡುಕುವ ಪರೀಕ್ಷೆ ಮಾಡಿಸಿದ್ದೀರಾ ಅಂತ ಬರವಣಿಗೆಯಲ್ಲೇ ಕೇಳಿ. ಉತ್ತರ ಕೊಡದಿದ್ದರೆ ವಿಮಾನಯಾನ ನಿಯಂತ್ರಕರಿಗೆ ದೂರು ಹಾಕಿ, ಹೆಸರು ಗೋಪ್ಯವಾಗಿಡಲು ಹೇಳಿ. ಕರಡು ನನಗೆ ಕಳಿಸಿ, ತಿದ್ದಿಕೊಡುತ್ತೇನೆ.