ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆ ತಪಾಸಣೆ: ಶಿಬಿರಕ್ಕೆ ಮೊದಲು, ಶಿಬಿರದ ನಂತರ ಏನೇನು ಸಿದ್ಧವಿರಬೇಕು?

ಕೇಳಿದವರು: ತಪಾಸಣೆಗೆ ಹೊರಟ ತಂಡ

ನಮ್ಮದು ಆರು ಜನರ ಸಣ್ಣ ತಂಡ. ಹೊಲದ ಕೆಲಸವನ್ನೇ ನೆಚ್ಚಿಕೊಂಡ ಹಳ್ಳಿಗಳಲ್ಲಿ 30 ವರ್ಷ ದಾಟಿದವರಿಗೆ ಶುಗರ್ ತಪಾಸಣೆ ಮಾಡಬೇಕೆಂದಿದ್ದೇವೆ. ಒಂದೊಂದು ಊರಲ್ಲೂ ಸುಮಾರು 300 ಜನ ಬರಬಹುದು. ಗ್ಲುಕೋಮೀಟರ್, ಬಿಪಿ ಯಂತ್ರ ಇವೆ. ಪ್ರಯೋಗಾಲಯ ಎರಡು ಗಂಟೆ ದಾರಿ. ಹೇಗೆ ನಡೆಸಬೇಕು, ಎಲ್ಲಿ ಕೆಡುತ್ತದೆ, ಜನರಿಗೆ ಏನು ಹೇಳಬೇಕು? ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ಸಮುದಾಯ ಆರೋಗ್ಯ ವೈದ್ಯೆ

ದಿನಾಂಕ ಗೊತ್ತುಮಾಡುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಶುಗರ್ ಹೆಚ್ಚು ಬಂದವರಿಗೆ ಎರಡನೇ ಪರೀಕ್ಷೆ ಎಲ್ಲಿ, ಯಾವ ದಿನ? ಮಾತ್ರೆ ಬರೆಯುವವರು ಯಾರು? ಪ್ರತಿ ತಿಂಗಳ ಮಾತ್ರೆ ಯಾವ ಊರಿನಲ್ಲಿ ಸಿಗುತ್ತದೆ? ಬರದೇ ಹೋದವರ ಮನೆಗೆ ಯಾರು ಹೋಗುತ್ತಾರೆ? ಇವುಗಳಲ್ಲಿ ಒಂದಕ್ಕಾದರೂ ಉತ್ತರ ಇಲ್ಲದಿದ್ದರೆ ಶಿಬಿರವನ್ನು ಮುಂದಕ್ಕೆ ಹಾಕಿ.

ಕಠಿಣವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಇಂಗ್ಲೆಂಡಿನಲ್ಲಿ ನಡೆದ ಅಡಿಶನ್-ಕೇಂಬ್ರಿಡ್ಜ್ ಅಧ್ಯಯನದ ಫಲಿತಾಂಶ 2012ರಲ್ಲಿ ಬಂತು. ಅಪಾಯ ಹೆಚ್ಚಿರುವ ಸಾವಿರಾರು ಜನರನ್ನು ತಪಾಸಣೆಗೆ ಕರೆದರೂ, ಸುಮಾರು ಹತ್ತು ವರ್ಷಗಳಲ್ಲಿ ಸಾವಿನ ಪ್ರಮಾಣ ತಪಾಸಣೆ ಇಲ್ಲದ ಗುಂಪಿಗಿಂತ ಕಡಿಮೆಯಾಗಲಿಲ್ಲ. ವೈದ್ಯರು ಕೈಗೆ ಸಿಗುವ ಜಾಗದಲ್ಲೇ ಹೀಗಾದರೆ, ಮಾತ್ರೆಗೆ ಅರ್ಧ ದಿನ ಪ್ರಯಾಣ ಮಾಡಬೇಕಾದ ಕಡೆ ಬರೀ ಬೆರಳು ಚುಚ್ಚಿ ಬಂದರೆ ಏನಾದೀತು? ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟುಕೊಂಡ ಗುರಿಗಳನ್ನೂ ನೋಡಿ. ಕಾಯಿಲೆ ಇರುವವರಲ್ಲಿ ಶೇ 80 ಮಂದಿಗೆ ಅದು ಪತ್ತೆಯಾಗಿರಬೇಕು ಎಂಬುದು ಒಂದು. ಪತ್ತೆಯಾದವರಲ್ಲಿ ಶೇ 80 ಮಂದಿಗೆ ಶುಗರ್, ಶೇ 80 ಮಂದಿಗೆ ಬಿಪಿ ಹತೋಟಿಯಲ್ಲಿರಬೇಕು, 40 ದಾಟಿದವರಲ್ಲಿ ಶೇ 60 ಮಂದಿಗೆ ಸ್ಟ್ಯಾಟಿನ್ (ಕೊಲೆಸ್ಟರಾಲ್ ಇಳಿಸುವ ಮಾತ್ರೆ) ಸಿಗಬೇಕು ಎಂಬವೂ ಅವುಗಳಲ್ಲಿವೆ. ಪತ್ತೆ ಮೊದಲ ಮೆಟ್ಟಿಲು ಅಷ್ಟೇ.

ಹಣ ಕಡಿಮೆಯಿದ್ದರೆ ಊರುಗಳ ಸಂಖ್ಯೆ ಇಳಿಸಿ, ಚಿಕಿತ್ಸೆಯ ಅವಧಿ ಇಳಿಸಬೇಡಿ.

ಪ್ರಯೋಗಾಲಯ ತಂತ್ರಜ್ಞ

ಡಾಕ್ಟರ್ ಹೇಳಿದ್ದು ಸರಿ. ನಾನು ಗ್ಲುಕೋಮೀಟರ್ ಬಗ್ಗೆ ವಿವರವಾಗಿ ಬರೆಯುತ್ತೇನೆ. ಶಿಬಿರದ ಅಂಕಿಗಳು ಕೆಡುವುದು ಹೆಚ್ಚಾಗಿ ಇಲ್ಲೇ.

ಬೆರಳನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಹಣ್ಣು ಸುಲಿದ ಕೈಯಲ್ಲಿ ಉಳಿದ ಸಕ್ಕರೆ ಅಂಕಿಯನ್ನು ಬಹಳ ಮೇಲಕ್ಕೆ ಒಯ್ಯುತ್ತದೆ, ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಮೇಜಿನ ಪಕ್ಕ ಬಕೆಟ್ಟು, ಸೋಪು, ಒಣ ಬಟ್ಟೆ ಇರಲೇಬೇಕು. ನೀರು ಸಾಲದಿದ್ದರೆ ಮೊದಲ ಹನಿಯನ್ನು ಒಣ ಹತ್ತಿಯಿಂದ ಒರೆಸಿ ಎರಡನೆಯದನ್ನು ಬಳಸಿ. ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ನಡುವಿಗಲ್ಲ, ನೋವು ಕಡಿಮೆ. ರಕ್ತ ಬರಲಿಲ್ಲವೆಂದು ಬೆರಳನ್ನು ಜೋರಾಗಿ ಹಿಂಡಿದರೆ ಅಂಗಾಂಶದ ನೀರು ಬೆರೆತು ಅಂಕಿ ತಪ್ಪುತ್ತದೆ. ಕೈಯನ್ನು ಕೆಳಗೆ ಇಳಿಬಿಟ್ಟು ಅರ್ಧ ನಿಮಿಷ ಕಾಯಿರಿ.

ರಕ್ತದ ಹನಿ ಹಾಕುವ ಸ್ಟ್ರಿಪ್ ಡಬ್ಬಿಯ ಮುಚ್ಚಳವನ್ನು ಪ್ರತಿ ಬಾರಿ ತಕ್ಷಣ ಹಾಕಬೇಕು. ತೇವ ಹೊಕ್ಕರೆ ಸ್ಟ್ರಿಪ್ ಕೆಟ್ಟಿದ್ದು ಕಣ್ಣಿಗೆ ಕಾಣುವುದಿಲ್ಲ, ಅಂಕಿ ಮಾತ್ರ ಸುಳ್ಳಾಗುತ್ತದೆ. ಹೆಚ್ಚಿನ ಸ್ಟ್ರಿಪ್‌ಗಳಿಗೆ 30 ಡಿಗ್ರಿಯೇ ಮೇಲಿನ ಮಿತಿ, ಆದ್ದರಿಂದ ಬಿಸಿಲಲ್ಲಿ ನಿಂತ ವಾಹನದಲ್ಲಿ ಡಬ್ಬಿ ಬಿಡಬೇಡಿ. ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆಯಿರಿ. ಪ್ರತಿ ದಿನ ಬೆಳಿಗ್ಗೆ ಕಂಟ್ರೋಲ್ ದ್ರಾವಣದಿಂದ (ಸಕ್ಕರೆ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ದ್ರಾವಣ) ಪ್ರತಿ ಮೀಟರನ್ನೂ ಪರೀಕ್ಷಿಸಿ. ಡಬ್ಬಿಯ ಮೇಲೆ ಮುದ್ರಿಸಿದ ವ್ಯಾಪ್ತಿಯ ಹೊರಗೆ ಬಂದ ಮೀಟರನ್ನು ಆ ದಿನ ಪಕ್ಕಕ್ಕಿಡಿ. 300 ಜನಕ್ಕೆ 300 ಸ್ಟ್ರಿಪ್ ಸಾಲದು, 340 ಒಯ್ಯಿರಿ.

ಲ್ಯಾನ್ಸೆಟ್ (ಬೆರಳು ಚುಚ್ಚುವ ಸೂಜಿ) ಒಬ್ಬರಿಗೆ ಒಂದೇ. ಪೆನ್ನಿನಂಥ ಚುಚ್ಚುವ ಸಾಧನವನ್ನು, ಸೂಜಿ ಬದಲಿಸಿದರೂ, ಹಲವರಿಗೆ ಬಳಸಬೇಡಿ. ಹೀಗೆ ಹೆಪಟೈಟಿಸ್ ಬಿ ಹರಡಿದ್ದು ದಾಖಲಾಗಿದೆ. ತಾನೇ ಒಳಸರಿಯುವ, ಒಮ್ಮೆ ಬಳಸಿ ಎಸೆಯುವ ಲ್ಯಾನ್ಸೆಟ್ ಕೊಳ್ಳಿ. ಚೂಪು ವಸ್ತುಗಳ ಡಬ್ಬಿ ಮುಕ್ಕಾಲು ತುಂಬಿದೊಡನೆ ಮುಚ್ಚಿಬಿಡಿ.

ಇನ್ನು ಅಂಕಿ. ಇಲ್ಲಿ ಬರುವ ಶುಗರ್ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿವೆ. ಸರಿಯಿರುವ ಮೀಟರಿಗೂ 100ರ ಮೇಲೆ ಶೇ 15ರಷ್ಟು ಆಚೀಚೆ ಆಗಲು ಅಂತರರಾಷ್ಟ್ರೀಯ ಮಾನದಂಡದಲ್ಲೇ ಅವಕಾಶವಿದೆ. ಮೀಟರಿನಲ್ಲಿ 130 ಕಂಡವರಿಗೆ ನಿಜದಲ್ಲಿ 115 ಇರಬಹುದು, 145 ಕೂಡ ಇರಬಹುದು. ಆದ್ದರಿಂದ ಶಿಬಿರದ ಮೇಜಿನಲ್ಲಿ ಕೂತು ಯಾರಿಗೂ “ನಿಮಗೆ ಸಕ್ಕರೆ ಕಾಯಿಲೆ ಇದೆ” ಎನ್ನಬೇಡಿ. “ಇನ್ನೊಂದು ಪರೀಕ್ಷೆ ಬೇಕು, ಇಂಥ ದಿನ, ಇಂಥ ಜಾಗ” ಎಂದು ಚೀಟಿ ಬರೆದು ಕೊಡಿ.

ಸಮುದಾಯ ಆರೋಗ್ಯ ವೈದ್ಯೆ

ಸಕ್ಕರೆ ಕಾಯಿಲೆ ಎನ್ನಲು ದಾಟಬೇಕಾದ ಗೆರೆಗಳನ್ನೂ ಇಲ್ಲೇ ಬರೆದಿಡುತ್ತೇನೆ. ರಕ್ತನಾಳದಿಂದ ತೆಗೆದ ರಕ್ತದಲ್ಲಿ, ಎಂಟು ಗಂಟೆ ಏನೂ ತಿನ್ನದೆ 126 ಅಥವಾ ಹೆಚ್ಚು. 75 ಗ್ರಾಂ ಗ್ಲುಕೋಸ್ ಕುಡಿದು ಎರಡು ಗಂಟೆಗೆ 200 ಅಥವಾ ಹೆಚ್ಚು. ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಶೇ 6.5 ಅಥವಾ ಹೆಚ್ಚು. ಲಕ್ಷಣಗಳಿಲ್ಲದವರಲ್ಲಿ ಒಂದೇ ಫಲಿತಾಂಶ ಸಾಲದು, ಇನ್ನೊಂದು ಬೇಕು. ಅತಿಯಾದ ದಾಹ, ಪದೇ ಪದೇ ಮೂತ್ರ, ತೂಕ ಇಳಿಕೆ ಇದ್ದು ಯಾವ ಹೊತ್ತಿನಲ್ಲಾದರೂ 200 ದಾಟಿದರೆ ಅಷ್ಟೇ ಸಾಕು.

ಶಿಬಿರದಲ್ಲಿ ಊಟ ಮಾಡಿ ಬಂದವರಿಗೆ 140 ದಾಟಿದರೆ ಖಾಲಿ ಹೊಟ್ಟೆಯ ಪರೀಕ್ಷೆಗೆ ಕರೆಯಿರಿ. 300ರ ಮೇಲಿದ್ದು ವಾಂತಿ, ಏದುಸಿರು, ಮಂಪರು ಇದ್ದರೆ ಚೀಟಿ ಕೊಟ್ಟು ಕಳಿಸಬೇಡಿ. ಅದೇ ಹೊತ್ತಿಗೆ ಆಸ್ಪತ್ರೆಗೆ ವಾಹನ ಮಾಡಿ.

ಕೇಳಿದವರು

ತುಂಬಾ ಉಪಕಾರವಾಯಿತು. ಒಂದು ಸಂದೇಹ. ಹೊಲಕ್ಕೆ ಹೋಗುವವರನ್ನು ಖಾಲಿ ಹೊಟ್ಟೆಯಲ್ಲಿ ಕೂರಿಸುವುದು ಕಷ್ಟ. ನೇರವಾಗಿ ಎಲ್ಲರಿಗೂ ಎಚ್‌ಬಿಎ1ಸಿ ಮಾಡಿಸಿದರೆ ಆಗದೇ?

ಪ್ರಯೋಗಾಲಯ ತಂತ್ರಜ್ಞ

ಅದರ ಮೇಲೊಂದೇ ನಿಲ್ಲಬೇಡಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ. ಕೆಂಪು ರಕ್ತಕಣ ಬೇಗ ಒಡೆಯುವ ಕಾಯಿಲೆಗಳಲ್ಲಿ, ಇತ್ತೀಚೆಗೆ ರಕ್ತ ಹೋದವರಲ್ಲಿ ಕಡಿಮೆ ಬರುತ್ತದೆ. ರಕ್ತಹೀನತೆ ಹೆಚ್ಚಿರುವ ಊರುಗಳಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದರಿಂದ ತಪ್ಪು ಹಣೆಪಟ್ಟಿ ಅಂಟುತ್ತದೆ. ಹಿಮೋಗ್ಲೋಬಿನ್ ಜೊತೆಗೇ ನೋಡಿ.

ಖಾಲಿ ಹೊಟ್ಟೆಗೆ ಉಪಾಯವೆಂದರೆ ಹೊತ್ತು. ಶಿಬಿರ ಹತ್ತು ಗಂಟೆಗೆ ಶುರುವಾದರೆ ಖಾಲಿ ಹೊಟ್ಟೆಯವರು ಯಾರೂ ಉಳಿದಿರುವುದಿಲ್ಲ, ಗಂಡಸರಂತೂ ಊರಲ್ಲೇ ಇರುವುದಿಲ್ಲ. ಬೆಳಿಗ್ಗೆ ಐದೂವರೆಯಿಂದ ಎಂಟು, ಕೆಲಸಕ್ಕೆ ಹೊರಡುವ ದಾರಿಯಲ್ಲಿ ಮೇಜು ಹಾಕಿ. ಒಬ್ಬರಿಗೆ ಐದು ನಿಮಿಷ ಹಿಡಿಯುತ್ತದೆ, ಮೇಜಿಗೆ ಗಂಟೆಗೆ ಹನ್ನೆರಡು ಜನ. 300 ಜನರನ್ನು ಒಂದೇ ದಿನ ಮುಗಿಸಲು ಹೋಗದೆ ಬೀದಿವಾರು ಹಂಚಿ.

ರಕ್ತವನ್ನು ಎರಡು ಗಂಟೆ ದೂರ ಕಳಿಸುವಾಗ ಇದು ನೆನಪಿರಲಿ: ಸಾದಾ ಟ್ಯೂಬಿನಲ್ಲಿ ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಗ್ಲುಕೋಸನ್ನು ರಕ್ತಕಣಗಳೇ ತಿಂದುಬಿಡುತ್ತವೆ. 130 ಇದ್ದವರಿಗೆ 115 ಎಂಬ ವರದಿ ಬಂದು, ಕಾಯಿಲೆ ಇದ್ದವರೇ ಜರಡಿಯಿಂದ ಜಾರಿಹೋಗುತ್ತಾರೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬಳಸಿ. ಆದರೆ ಫ್ಲೋರೈಡ್ ಕೆಲಸ ಶುರುಮಾಡಲು ಒಂದೆರಡು ಗಂಟೆ ಬೇಕು, ಆದ್ದರಿಂದ ಟ್ಯೂಬನ್ನು ತೆಗೆದೊಡನೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡಿ. ಚಿಕ್ಕ ಸೆಂಟ್ರಿಫ್ಯೂಜ್ ಒಯ್ದು ಅರ್ಧ ಗಂಟೆಯೊಳಗೆ ಪ್ಲಾಸ್ಮಾ (ರಕ್ತಕಣ ಬಿಟ್ಟು ಉಳಿದ ದ್ರವ) ಬೇರ್ಪಡಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ಎಚ್‌ಬಿಎ1ಸಿಗೆ ನೇರಳೆ ಮುಚ್ಚಳದ ಟ್ಯೂಬು. ಅದು ತಣ್ಣಗಿದ್ದರೆ ಕೆಲವು ದಿನ ತಡೆಯುತ್ತದೆ.

ಹಳ್ಳಿಗಳ ಮೇಲ್ವಿಚಾರಣೆ ಮಾಡುವ ಆರೋಗ್ಯ ಕಾರ್ಯಕರ್ತೆ

ಎಲ್ಲರಿಗೂ ಸ್ಟ್ರಿಪ್ ಹಾಕುವ ಮೊದಲು ಮನೆ ಮನೆಯಲ್ಲಿ ಅಪಾಯದ ಅಂದಾಜು ಮಾಡಿದರೆ ಸ್ಟ್ರಿಪ್ ಉಳಿಯುತ್ತದೆ, ಯಾರ್ಯಾರು ಎಂಬ ಪಟ್ಟಿಯೂ ಕೈಗೆ ಸಿಗುತ್ತದೆ. ವಯಸ್ಸು, ತಂದೆ ತಾಯಿಗೆ ಶುಗರ್ ಇತ್ತೇ, ಮೈಗೆ ಕೆಲಸವಿದೆಯೇ, ಬಿಪಿ, ಬಸಿರಿನಲ್ಲಿ ಶುಗರ್ ಬಂದಿತ್ತೇ, ಸೊಂಟದ ಸುತ್ತಳತೆ. ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಹಿಡಿದು, ಉಸಿರು ಬಿಟ್ಟಾಗ ಓದಿ. ಬಟ್ಟೆಯ ಗಂಟಿನ ಮೇಲೆ ಅಳೆದದ್ದು ಲೆಕ್ಕಕ್ಕಿಲ್ಲ. ದಕ್ಷಿಣ ಏಷ್ಯಾದ ಜನರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರ.

ಎರಡು ಗುಂಪುಗಳು ಪಟ್ಟಿಯಿಂದ ಸುಲಭವಾಗಿ ಬಿಟ್ಟುಹೋಗುತ್ತವೆ. ಬಸಿರಿನಲ್ಲಿ ಶುಗರ್ ಬಂದು ಹೆರಿಗೆಯ ಮೇಲೆ ಇಳಿದವರಿಗೆ 6ರಿಂದ 12 ವಾರದೊಳಗೆ ಗ್ಲುಕೋಸ್ ಕುಡಿಸಿ ಮಾಡುವ ಪರೀಕ್ಷೆ ಆಗಬೇಕು, ಆಮೇಲೂ ಒಂದರಿಂದ ಮೂರು ವರ್ಷಕ್ಕೊಮ್ಮೆ. ಇವರಲ್ಲಿ 30 ತುಂಬದವರೇ ಬಹಳ ಇರುತ್ತಾರೆ, ನಿಮ್ಮ ವಯಸ್ಸಿನ ಗೆರೆ ಇವರನ್ನು ಹೊರಗಿಡದಂತೆ ನೋಡಿಕೊಳ್ಳಿ. ಇನ್ನೊಂದು, ಕ್ಷಯಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರು. ಶುಗರ್ ಇದ್ದವರಿಗೆ ಕ್ಷಯದ ಅಪಾಯ ಎರಡು ಮೂರು ಪಟ್ಟು. ಒಂದು ಇದ್ದವರಿಗೆ ಇನ್ನೊಂದನ್ನು ನೋಡಲೇಬೇಕು.

ರಿಜಿಸ್ಟರಿನಲ್ಲಿ ಹೆಸರು, ಅಂಕಿ ಬರೆದರೆ ಮುಗಿಯಲಿಲ್ಲ. ಪರೀಕ್ಷೆ ಮಾಡಿದ ಹೊತ್ತು, ಕೊನೆಯ ಊಟದ ಹೊತ್ತು, ಮುಂದಿನ ದಿನಾಂಕ, ಬಂದರೋ ಇಲ್ಲವೋ, ಬರದಿದ್ದರೆ ಕಾರಣ ಎಂಬ ಕಾಲಂಗಳು ಬೇಕು. ಬರದವರ ಮನೆಗೆ ಏಳು ದಿನದೊಳಗೆ ಹೋಗಬೇಕು. ದೃಢೀಕರಣದ ರಕ್ತವನ್ನು ಅದೇ ಊರಲ್ಲಿ, ಮುಂದಿನ ವಾರ ಅದೇ ಹೊತ್ತಿಗೆ ತೆಗೆಯಿರಿ. ಪಟ್ಟಣಕ್ಕೆ ಹೋಗಿ ಎಂದರೆ ಒಂದು ದಿನದ ಕೂಲಿ ಹೋಗುತ್ತದೆ. ಮೈಯಲ್ಲಿ ಏನೂ ನೋವಿಲ್ಲದವರು ಅದನ್ನು ಕಳೆದುಕೊಂಡು ಹೋಗುವುದಿಲ್ಲ, ಅವರನ್ನು ದೂರಿ ಪ್ರಯೋಜನವಿಲ್ಲ.

ತಿಳಿವಳಿಕೆಯ ವಿಚಾರಕ್ಕೆ ಬಂದರೆ, ಬಾಂಗ್ಲಾದೇಶದ ಫರೀದ್‌ಪುರ ಜಿಲ್ಲೆಯ 96 ಹಳ್ಳಿಗಳಲ್ಲಿ ನಡೆದ ಪ್ರಯೋಗವನ್ನು ನೋಡಿ. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕೆಲವು ಹಳ್ಳಿಗಳಲ್ಲಿ ಮೊಬೈಲಿಗೆ ವಾರಕ್ಕೆರಡು ಧ್ವನಿ ಸಂದೇಶ ಕಳಿಸಿದರು. ಇನ್ನು ಕೆಲವಲ್ಲಿ ತಿಂಗಳಿಗೊಮ್ಮೆಯಂತೆ 18 ತಿಂಗಳು ಊರವರೇ ಗುಂಪು ಸೇರಿ, ತೊಂದರೆ ಯಾವುದು, ನಾವೇನು ಮಾಡಬಹುದು ಎಂದು ತೀರ್ಮಾನಿಸಿ, ಮಾಡಿ, ಮತ್ತೆ ಕೂತು ಪರಿಶೀಲಿಸಿದರು. ಸಂದೇಶದಿಂದ ತಿಳಿವಳಿಕೆ ಹೆಚ್ಚಿತು, ಶುಗರ್ ಇಳಿಯಲಿಲ್ಲ. ಗುಂಪು ಸಭೆ ನಡೆದ ಊರುಗಳಲ್ಲಿ ಸಕ್ಕರೆ ಕಾಯಿಲೆ ಮತ್ತು ಅದರ ಹಿಂದಿನ ಹಂತ ಎರಡೂ ಸೇರಿದ ಪ್ರಮಾಣ ಸುಮಾರು 20 ಶೇಕಡಾ ಅಂಶದಷ್ಟು ಕಡಿಮೆ ಇತ್ತು. ಕರಪತ್ರಕ್ಕೆ ಇಟ್ಟ ಹಣವನ್ನು ಸಭೆ ನಡೆಸುವವರ ತರಬೇತಿಗೆ ತಿರುಗಿಸಿ.

ಆಹಾರ ತಜ್ಞೆ

ಸಭೆಗಳಲ್ಲಿ “ಇದು ತಿನ್ನಬೇಡಿ, ಅದು ತಿನ್ನಬೇಡಿ” ಎಂಬ ಪಟ್ಟಿ ಓದಬೇಡಿ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಧಾನ್ಯ, ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮಾಂಸ. ಇಷ್ಟನ್ನು ಖಾಲಿ ತಟ್ಟೆ ಇಟ್ಟು ತೋರಿಸಿ. ಒಬ್ಬರಿಗೆ ಬೇರೆ ಅಡುಗೆ ಎಂದರೆ ನಡೆಯುವುದಿಲ್ಲ, ಅಡುಗೆ ಮಾಡುವವರನ್ನೂ ಕರೆಯಿರಿ.

“ಹೊಲದಲ್ಲಿ ದುಡಿಯುವವರಿಗೆ ಶುಗರ್ ಬರುವುದಿಲ್ಲ” ಎಂಬ ನಂಬಿಕೆ ಬಲವಾಗಿದೆ. ಸುಗ್ಗಿ ಮುಗಿದ ತಿಂಗಳುಗಳಲ್ಲಿ ದುಡಿಮೆ ನಿಂತರೂ ಊಟದ ಅಳತೆ ಅಷ್ಟೇ ಇರುತ್ತದೆ ಎಂದು ವಿವರಿಸಿ.

ಪಾದ ಆರೈಕೆಯ ನರ್ಸ್

ಕಾಲು ನೋಡಲು ಯಂತ್ರ ಬೇಡ. ಅವರು ಕಣ್ಣು ಮುಚ್ಚಿರಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಗೆ ನಿಮ್ಮ ತೋರುಬೆರಳನ್ನು ಒಂದೆರಡು ಸೆಕೆಂಡು ಹಗುರವಾಗಿ ತಾಗಿಸಿ. ಒತ್ತಬಾರದು, ತಟ್ಟಬಾರದು, ಒತ್ತಿದರೆ ಜೋಮು ಹಿಡಿದ ಕಾಲಿಗೂ ಗೊತ್ತಾಗಿಬಿಡುತ್ತದೆ. ಆರರಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಎಂದರ್ಥ. ಆಮೇಲೆ ಬೆರಳ ಸಂದಿ, ಹಿಮ್ಮಡಿಯ ಬಿರುಕು, ಆಣಿ ನೋಡಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬಾರದೆಂದು ಖಂಡಿತವಾಗಿ ಹೇಳಿ. ನೋವಿಲ್ಲದೆ ಒಂದೇ ಪಾದ ಕೆಂಪಾಗಿ, ಬಿಸಿಯಾಗಿ ಊದಿದ್ದರೆ ಗಾಯ ಕಾಣದಿದ್ದರೂ ತಡಮಾಡದೆ ಕಳಿಸಿ. ಒಳಗೆ ಮೂಳೆ ಮುರಿಯುತ್ತಿರಬಹುದು.

ಕಣ್ಣಿನ ಪರೀಕ್ಷೆ ದೃಷ್ಟಿ ಮಂಜಾದ ಮೇಲಲ್ಲ, ಕಾಯಿಲೆ ಗೊತ್ತಾದಾಗಲೇ. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಇದೆಯೇ ಎಂಬ ಪರೀಕ್ಷೆ ವರ್ಷಕ್ಕೊಮ್ಮೆ.

ಔಷಧ ವಿತರಕ

ಮೆಟ್‌ಫಾರ್ಮಿನ್ (ಶುಗರ್ ಇಳಿಸುವ ಮಾತ್ರೆ) ಶುರುಮಾಡಿದ ಮೊದಲ ಎರಡು ವಾರ ಹಲವರಿಗೆ ಹೊಟ್ಟೆ ಕೆಡುತ್ತದೆ, ಜನ ಬಿಡುವುದು ಆಗಲೇ. 500 ಮಿಲಿಗ್ರಾಂ ದಿನಕ್ಕೊಂದು, ಊಟದ ಜೊತೆಗೆ, ವಾರ ಕಳೆದು ಏರಿಸುವುದು ಎಂದು ವೈದ್ಯರ ಜೊತೆ ಮೊದಲೇ ಮಾತಾಡಿಕೊಂಡು, ಹೊಟ್ಟೆಯ ತೊಂದರೆ ತಾನಾಗಿ ಕಡಿಮೆಯಾಗುತ್ತದೆಂದು ಮುಂಚೆಯೇ ಹೇಳಿ. ಬೇರೆ ಏನು ತೆಗೆದುಕೊಳ್ಳುತ್ತಾರೆಂದು ಗದರದೆ ಕೇಳಿ. ಗಿಡಮೂಲಿಕೆ ಎಂದು ಮಾರುವ ಕೆಲವು ಪುಡಿಗಳಲ್ಲಿ ಶುಗರ್ ಇಳಿಸುವ ಗ್ಲಿಬೆನ್‌ಕ್ಲಮೈಡ್ ಮಾತ್ರೆಯನ್ನೇ ಬೆರೆಸಿದ್ದು ಪತ್ತೆಯಾಗಿದೆ. ಅದರ ಮೇಲೆ ನೀವು ಕೊಟ್ಟ ಮಾತ್ರೆಯೂ ಸೇರಿದರೆ ಶುಗರ್ ಕುಸಿಯುತ್ತದೆ.

ಶುಗರ್ 70ಕ್ಕಿಂತ ಇಳಿದು ನಡುಕ, ಬೆವರು, ತಡಬಡಿಕೆ ಬಂದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ ಆಸ್ಪತ್ರೆಗೆ ಒಯ್ಯಿರಿ. ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯಿಂದ ಇಳಿದಿದ್ದರೆ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು, ಸರಿಯಾದರೆಂದು ಒಂಟಿಯಾಗಿ ಬಿಡಬೇಡಿ.

ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎರಡೂ ಸಿಗುವ ಕಡೆ ಸಿರಿಂಜ್ ಅದಲುಬದಲಾಗುತ್ತದೆ. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ತಿರುಗುಮುರುಗಾದರೆ ಎಂಟೇ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ಬಾಟಲಿಯನ್ನೂ ಸಿರಿಂಜನ್ನೂ ಒಟ್ಟಿಗೆ ಹಿಡಿದು ತೋರಿಸಿ.

ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ, ಫ್ರೀಜರಿನಲ್ಲಿ ಎಂದಿಗೂ ಬೇಡ. ಫ್ರಿಜ್ ಇಲ್ಲದ ಮನೆಯಲ್ಲಿ ಒಂದರೊಳಗೊಂದು ಎರಡು ಮಣ್ಣಿನ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಡಿ. ಗಾಳಿಯಾಡುವ ನೆರಳಿನಲ್ಲಿರಲಿ, ದಿನಕ್ಕೆರಡು ಬಾರಿ ಮರಳಿಗೆ ನೀರು ಹಾಕಲಿ. ಒಣ ಹವೆಯಲ್ಲಿ ಚೆನ್ನಾಗಿ ತಣಿಯುತ್ತದೆ, ಮಳೆಗಾಲದ ತೇವದಲ್ಲಿ ಅಷ್ಟಿಲ್ಲ. ಇದು ಬಳಕೆಯಲ್ಲಿರುವ ಬಾಟಲಿಗೆ ಮಾತ್ರ, ಸಾಮಾನ್ಯವಾಗಿ ನಾಲ್ಕು ವಾರದವರೆಗೆ.

ಮಕ್ಕಳ ವೈದ್ಯರು

ನಿಮ್ಮ ಪಟ್ಟಿ 30ರಿಂದ ಶುರು, ಸರಿ. ಆದರೆ ಮನೆ ಮನೆಗೆ ಹೋದಾಗ ಮಕ್ಕಳ ಬಗ್ಗೆಯೂ ಒಂದು ಮಾತು ಕೇಳಿ: ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟ ಮಗು ಮತ್ತೆ ಶುರುಮಾಡಿದೆಯೇ, ನೀರು ನೀರು ಎನ್ನುತ್ತಿದೆಯೇ, ಸಣ್ಣಗಾಗುತ್ತಿದೆಯೇ? ಟೈಪ್ 1 (ಮೈಯಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ) ಹೀಗೆ ಬರುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಕಂಡು ಹೊಟ್ಟೆಯ ಸೋಂಕು, ನ್ಯುಮೋನಿಯಾ ಎಂದುಕೊಂಡು ದಿನ ಕಳೆದರೆ ಮಗು ಉಳಿಯುವುದಿಲ್ಲ. ಅಂಥ ಮಗುವಿಗೆ ತಕ್ಷಣ ಬೆರಳ ರಕ್ತ ನೋಡಿ, 200ರ ಮೇಲಿದ್ದರೆ ಮರುಪರೀಕ್ಷೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಸೇರಿಸಿ. ಇನ್ಸುಲಿನ್ ಶುರುವಾದ ಮೇಲೆ, ಕಾಯಿಲೆ ಬಿದ್ದು ಊಟ ಸೇರದ ದಿನವೂ ಅದನ್ನು ನಿಲ್ಲಿಸಬಾರದೆಂದು ಮನೆಯ ಇಬ್ಬರಿಗಾದರೂ ಕಲಿಸಿ. ಅಳತೆ ಎಷ್ಟೆಂದು ಕೇಳಲು ಒಂದು ಫೋನ್ ನಂಬರನ್ನು ಅವರ ಕಾರ್ಡಿನ ಮೇಲೆ ಬರೆದಿಡಿ.