‘ನಮ್ಮನೆ ಬಳಗ’ದಲ್ಲಿ ರೈಲು ಹಳಿ ತಪ್ಪಿತು

ಕುಮಟೆ ಚಿಕ್ಕಪ್ಪ ಬೆಳಿಗ್ಗೆ ನಮ್ಮನೆಯವರ ಮೆಸೇಜ್ ಗುಂಪಿಗೆ ಒಂದು ಪುಟಾಣಿ ಮಾದರಿ ರೈಲಿನ ಫೋಟೋ ಒಗೆದರು. ಒಕ್ಕಣೆ: “ಕಾರವಾರ ಸ್ಟೇಶನ್, 1998. ಇದ್ದದ್ದು ಇದ್ದ ಹಾಗೇ! ಇಂಥ ಶ್ರದ್ಧೆ ಈಗಿನ ಮಕ್ಕಳಿಗೆ ಎಲ್ಲಿ? ಎಲ್ಲರಿಗೂ ಕಳಿಸಿ.”

ಬಳಗವೆಲ್ಲ ಕೈ ಮುಗಿಯಿತು.

ಕಾರವಾರದ ತಮ್ಮ: “ಹಳಿ ಮೇಲೆ ಕರೆಂಟ್ ತಂತಿ ಇದೆ ನೋಡಿ. ಕೊಂಕಣ ರೈಲ್ವೆ ಪೂರ್ತಿ ವಿದ್ಯುದೀಕರಣ ಆಗಿದ್ದು 2022ಕ್ಕೆ. 1998ರಲ್ಲಿ ಬರೀ ಡೀಸೆಲ್. ಫೋಟೋ ಎಲ್ಲಿಂದ ಸಿಕ್ತು?”

ಚಿಕ್ಕಪ್ಪ: “ಎಲ್ಲದಕ್ಕೂ ಆಧಾರ ಬೇಕು ನಿಂಗೆ. ಪಾಲಾಗುವಾಗ ನಿನ್ನಪ್ಪನೂ ಹಿಂಗೇ ಕಾಗದ ಕೇಳಿದ್ದ.”

ಶಿರಸಿ ಅತ್ತೆ: “ಬೆಳಗಾಮುಂಚೆ ಜಗಳ ಬ್ಯಾಡ. ದೊಡ್ಡವ್ರು ಕಳ್ಸಿದ್ರೆ ಚೊಲೊ ಇದ್ದು ಹೇಳಿ ಸುಮ್ನಿರವು.”

ತಮ್ಮ: “ಹಳಿ ಪಕ್ಕದ ಧರೆ ನೋಡಿ ಅತ್ತೆ. ಗುಡ್ಡ ಕಡಿದು ಆಗಷ್ಟೇ ಹಳಿ ಹಾಕಿದ್ದು, ಚಿರೆಕಲ್ಲು ಹಸಿ ಗಾಯದ ಹಾಗೆ ಕೆಂಪಗಿರಬೇಕು. ಇಲ್ಲಿ ಪಾಚಿ, ಹುಲ್ಲು. ಹಿಂದೆ ಪೈನ್ ಮರ! ನಮ್ಮ ಕಡಲ ದಂಡೆಲಿ ಇರೋದು ಗಾಳಿಮರ.”

ಮುಂಬೈ ಅಕ್ಕ: “ರೈಲಿಲ್ಲದ ಕಾಲ ನೆನಪಾಯ್ತು. ರಾತ್ರಿಯೆಲ್ಲ ಬಸ್ಸು. ಅಜ್ಜಿ ಕಟ್ಟಿಕೊಟ್ಟ ತೆಳ್ಳನೆ ಸಿಹಿ ತೊಡೆದೇವು ಪನವೇಲ್ ಮುಟ್ಟೋದ್ರಲ್ಲಿ ಪುಡಿಪುಡಿ. ಮತ್ಸ್ಯಗಂಧ ರೈಲು ಬಂದಮೇಲೇ ಇಡಿಯಾಗಿ ತಿಂದಿದ್ದು.”

ಶಿರಸಿ ಭಾವ: “ನಿಂಗ್ಳಿಗೆ ತಂತಿ ಜಗಳ. ಶಿರಸಿಗೆ ಹಳಿನೇ ಇಲ್ಲೆ. ಶಿರಸಿ ಸ್ಟೇಶನ್ ಮಾದರಿ ನಾನೇ ಮಾಡ್ತೆ, ಖಾಲಿ ಮೇಜು ಇಟ್ರೆ ಆತು. ಇತಿಹಾಸಕ್ಕೆ ಒಂದಿಂಚೂ ತಪ್ಪದಿಲ್ಲೆ.”

ತಮ್ಮ ಮತ್ತೂ ಬರೆದ: 1:87 ಅಳತೆಯ ಮಾದರಿಯಲ್ಲಿ ಹಳಿ ನಡುವೆ 16.5 ಮಿಲಿಮೀಟರ್ ಬಿಡ್ತಾರೆ, ಅದು ಹೊರದೇಶದ 1435 ಮಿಲಿಮೀಟರ್ ಲೈನಿನ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676, ಹಾಗಾಗಿ 19ರ ಮೇಲೆ ಬೇಕು. ನಮ್ಮ ಗುಂಪಿನಲ್ಲಿ ನಾಲ್ಕು ಸಾಲು ದಾಟಿದ ಮೆಸೇಜು ಓದುವ ಪದ್ಧತಿ ಇಲ್ಲ. ನನ್ನ ಕೇಳಿದರೆ ಅವನು ಹೇಳಿದ್ದು ಸರಿಯೇ. ಇಸವಿ 2022 ಅಂತ ಹಾಕಿದ್ದರೆ ತಂತಿ, ಪಾಚಿ ಎರಡೂ ಒಪ್ಪುತ್ತಿದ್ದವು. ಪೈನ್ ಮಾತ್ರ ಯಾವ ಇಸವಿಗೂ ಒಗ್ಗುವುದಿಲ್ಲ.

ಅತ್ತೆ: “ತೊಡೆದೇವು ಹೇಳಿದ್ಮೇಲೆ ನೆನಪಾತು. ಆ ಸ್ಟೀಲ್ ಡಬ್ಬಿ ಇನ್ನೂ ವಾಪಸ್ ಬಂಜಿಲ್ಲೆ.”

ಅಕ್ಕ: “ಕೊಟ್ಟಾಗಿದೆ ಅತ್ತೆ! ಅಣ್ಣನ ಮದುವೆಲಿ!”

“ಕೊಟ್ಟಿದ್ದಕ್ಕೆ ಆಧಾರ ಎಂತದು?” ಅಂತ ಕೇಳಿದವನು ತಮ್ಮನಲ್ಲ, ಚಿಕ್ಕಪ್ಪ.