ಡಿಪಿಕೆಜಿ ‘ಎಲ್ಲ ಸರಿ ಇದೆ’ ಅನ್ನುತ್ತಿದೆ, ಫೈಲ್ ಮಾತ್ರ ಖಾಲಿ. ಇದು ಯಾರ ಬಗ್?

ಕಪಾಟು_ಪುಣೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಪುಣೆಯಲ್ಲಿ ನಮ್ಮ ಕನ್ನಡ ಸಂಘಕ್ಕೆ ಒಂದು ಪುಟ್ಟ ಲೈಬ್ರರಿ ಇದೆ. ಅಲ್ಲಿ ಒಂಬತ್ತು ಕಂಪ್ಯೂಟರ್. ಎಲ್ಲವೂ ಯಾರೋ ಬಳಸಿ ಕೊಟ್ಟಿದ್ದು. 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ಶನಿವಾರ ಸಂಜೆ ಮಕ್ಕಳು ಬಂದು ಕನ್ನಡ ಟೈಪ್ ಮಾಡಲು ಕಲಿಯುತ್ತಾರೆ. ಗಲ್ಲಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಬರೆಯೋಕೆ ಈ ಮಕ್ಕಳಿಗೆ ಸಿಗುವ ಜಾಗ ಇದೊಂದೇ. ಅದಕ್ಕೇ ಒಂದು ಮಷಿನ್ ಕೆಟ್ಟರೂ ನನಗೆ ಸಮಾಧಾನ ಇರಲ್ಲ.

ಎಲ್ಲದರಲ್ಲೂ ಡೆಬಿಯನ್ ಲಿನಕ್ಸ್ ಇದೆ. ಅದರಲ್ಲಿ ಪ್ಯಾಕೇಜುಗಳನ್ನು ಬಿಚ್ಚಿ ಹಾಕುವ ಪ್ರೋಗ್ರಾಮೇ ಡಿಪಿಕೆಜಿ. ಫಾಂಟು, ಕೀಬೋರ್ಡ್ ಸೆಟ್ಟಿಂಗು, ಪಾಠದ ಫೋಲ್ಡರು ಎಲ್ಲ ಸೇರಿಸಿ ನಾನೇ ಒಂದು ಡೆಬ್ ಪ್ಯಾಕೇಜ್ (ಡೆಬಿಯನ್‌ನಲ್ಲಿ ಇನ್‌ಸ್ಟಾಲ್ ಮಾಡುವ ಕಟ್ಟು) ಮಾಡಿದ್ದೇನೆ. ಗಣಪತಿ ಹಬ್ಬದ ಹಿಂದಿನ ಶನಿವಾರ ಡೆಬಿಯನ್ 12ರಿಂದ 13ಕ್ಕೆ ಅಪ್‌ಗ್ರೇಡ್ ಮಾಡೋಕೆ ಕೂತೆ. ಐದು ಮಷಿನ್ ಆಯಿತು. ಆರನೆಯದು ನಡೆಯುತ್ತಿದ್ದಾಗ ಹೊರಗೆ ಮಂಟಪಕ್ಕೆ ಲೈಟ್ ಎಳೆಯುತ್ತಿದ್ದರು, ಮೇನ್ ಟ್ರಿಪ್ ಆಯಿತು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿತ್ತು.

ಕರೆಂಟ್ ಬಂದ ಮೇಲೆ, ಪ್ಯಾಕೇಜ್ ತಂದು ಡಿಪಿಕೆಜಿಗೆ ಕೊಡುವ ಆಪ್ಟ್ ಹೇಳಿದ ಹಾಗೆ ‘ಡಿಪಿಕೆಜಿ --ಕಾನ್ಫಿಗರ್ -ಎ’ ಕೊಟ್ಟೆ. ಈಗ ಎರಡು ತೊಂದರೆ.

ಒಂದು, ನನ್ನದೇ ಪ್ಯಾಕೇಜಿನ ಪೋಸ್ಟ್‌ಇನ್ಸ್ಟ್ ಸ್ಕ್ರಿಪ್ಟ್ (ಫೈಲ್ ಬಿಚ್ಚಿದ ಮೇಲೆ ಓಡುವುದು) ಎಕ್ಸಿಟ್ ಸ್ಟೇಟಸ್ 1, ಅಂದರೆ ಫೇಲ್, ಅಂತ ನಿಂತುಬಿಡುತ್ತದೆ. ಎಷ್ಟು ಸಲ ಕೊಟ್ಟರೂ ಅದೇ. ಉಳಿದ ಐದು ಮಷಿನ್‌ಗಳಲ್ಲಿ ಇದೇ ಸ್ಕ್ರಿಪ್ಟ್ ಸರಾಗವಾಗಿ ಓಡಿದೆ.

ಎರಡನೆಯದೇ ನನ್ನ ನಿದ್ದೆ ಕೆಡಿಸಿದ್ದು. ಲಿಬ್ರೆಆಫೀಸ್ ತೆರೆಯುತ್ತಿಲ್ಲ. ಟರ್ಮಿನಲ್‌ನಿಂದ ತೆರೆದರೆ ಅದು ಬಳಸುವ ಒಂದು ಲೈಬ್ರರಿ ಫೈಲಿನ ಹೆಸರು ಹೇಳಿ ‘ಫೈಲ್ ಟೂ ಶಾರ್ಟ್’ ಅನ್ನುತ್ತದೆ. ನೋಡಿದರೆ ಆ ಫೈಲ್ 0 ಬೈಟ್! ಆದರೆ ‘ಡಿಪಿಕೆಜಿ --ಆಡಿಟ್’ ನನ್ನ ಪ್ಯಾಕೇಜ್ ಒಂದನ್ನೇ ತೋರಿಸುತ್ತದೆ. ಲಿಬ್ರೆಆಫೀಸ್ ಪೂರ್ತಿ ಇನ್‌ಸ್ಟಾಲ್ ಆಗಿದೆ ಅಂತ ಲೆಕ್ಕ. ಖಾಲಿ ಫೈಲ್ ಇಟ್ಟುಕೊಂಡು ಸರಿ ಇದೆ ಅನ್ನೋದು ಪ್ಯಾಕೇಜ್ ಮ್ಯಾನೇಜರ್‌ನ ಬಗ್ ಅಲ್ವಾ? ಡೆಬಿಯನ್‌ಗೆ ವರದಿ ಕೊಡಬೇಕು ಅಂತಿದ್ದೇನೆ. ಹೇಗೆ ಬರೆಯಲಿ?

ಮೂಲೆಮನೆ

ಮೊದಲನೆಯದು ಸುಲಭ. ಆ ಸ್ಕ್ರಿಪ್ಟ್ ಇಲ್ಲಿ ಹಾಕಿ. ಮೇಲೆ ‘ಸೆಟ್ -ಇ’ ಇದ್ದು, ಕೆಳಗೆ ಫೋಲ್ಡರ್ ಮಾಡುವ ಸಾಲು ಇದೆಯಾ?

ಕಪಾಟು_ಪುಣೆ

ಹೌದು, ಎರಡೂ ಇವೆ. ‘ಎಂಕೆಡಿರ್’ ಸಾಲಿನಲ್ಲಿ ಪಾಠದ ಫೋಲ್ಡರ್, ಆಮೇಲೆ ಫಾಂಟ್ ಕ್ಯಾಶ್ ಕಟ್ಟುವ ಸಾಲು. ಕರೆಂಟ್ ಹೋದಾಗ ಪರದೆಯಲ್ಲಿ ಫಾಂಟ್ ಸಾಲೇ ಇತ್ತು.

ಮೂಲೆಮನೆ

ಹಾಗಾದರೆ ಅದೇ. ಫೋಲ್ಡರ್ ಆಗಿತ್ತು, ಫಾಂಟ್ ಅರ್ಧ ಆಗಿತ್ತು. ಡಿಪಿಕೆಜಿ ಸ್ಕ್ರಿಪ್ಟನ್ನು ನಿಂತಲ್ಲಿಂದ ಮುಂದುವರಿಸುವುದಿಲ್ಲ, ಮೊದಲಿನಿಂದ ಓಡಿಸುತ್ತದೆ. ಫೋಲ್ಡರ್ ಆಗಲೇ ಇದೆ ಅಂತ ‘ಎಂಕೆಡಿರ್’ ಫೇಲ್. ‘ಸೆಟ್ -ಇ’ ಅಂದರೆ ಒಂದು ಸಾಲು ಫೇಲ್ ಆದರೆ ಅಲ್ಲೇ ನಿಲ್ಲು ಅಂತ, ಹಾಗಾಗಿ ಸ್ಕ್ರಿಪ್ಟೂ ಅಲ್ಲೇ ಬಿತ್ತು. ‘ಎಂಕೆಡಿರ್ -ಪಿ’ ಮಾಡಿ, ಫೋಲ್ಡರ್ ಇದ್ದರೂ ಫೇಲ್ ಆಗುವುದಿಲ್ಲ. ಯೂಸರ್ ಸೇರಿಸುವುದು, ಲಿಂಕ್ ಹಾಕುವುದು ಇದ್ದರೂ ಮೊದಲು ಇದೆಯಾ ನೋಡಿ ಮಾಡಿ. ಎರಡನೇ ಸಲ ಓಡಿದರೂ ಕೆಡಬಾರದು ಅಂತ ಡೆಬಿಯನ್ ಪಾಲಿಸಿಯಲ್ಲೇ ಇದೆ. ಇದನ್ನು ನಿಮ್ಮ ಪ್ಯಾಕೇಜಿನಲ್ಲೇ ತಿದ್ದಬೇಕು.

ಖಾಲಿ ಫೈಲಿನ ವಿಷಯ ನನಗೂ ವಿಚಿತ್ರ ಅನ್ನಿಸುತ್ತಿದೆ.

ಡೊಂಬಿವಲಿ_ಫಾಸ್ಟ್

ತಂಗೀ, ಒಂದು ಕೆಲಸ ಮಾಡು. /ಇಟಿಸಿ/ಡಿಪಿಕೆಜಿ ಒಳಗೆ ಕಾನ್ಫಿಗ್ ಫೈಲ್ ಇರುತ್ತದೆ, ‘ಡಿಪಿಕೆಜಿ.ಸಿಎಫ್‌ಜಿ.ಡಿ’ ಅನ್ನುವ ಫೋಲ್ಡರೂ ಇರುತ್ತದೆ. ಎರಡರಲ್ಲೂ ‘ಫೋರ್ಸ್-ಅನ್‌ಸೇಫ್-ಐಒ’ ಅನ್ನುವ ಸಾಲು ಇದೆಯಾ ನೋಡು.

ಕಪಾಟು_ಪುಣೆ

ಇದೆ ಸರ್. ನಾನೇ ಹಾಕಿದ್ದು. ಹಳೇ ಡಿಸ್ಕ್‌ನಲ್ಲಿ ಅಪ್‌ಗ್ರೇಡ್ ತುಂಬಾ ನಿಧಾನ ಅಂತ ಹುಡುಕಿದಾಗ ಯಾರೋ ಹೇಳಿದ್ದರು. ಒಂಬತ್ತೂ ಮಷಿನ್‌ಗೆ ಹಾಕಿದ್ದೇನೆ. ನಿಜಕ್ಕೂ ಬೇಗ ಆಗುತ್ತಿತ್ತು.

ಡೊಂಬಿವಲಿ_ಫಾಸ್ಟ್

ಬೇಗ ಆಗೇ ಆಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ಪ್ರೋಗ್ರಾಮ್ ‘ಫೈಲ್ ಬರೆದೆ’ ಅಂದ ತಕ್ಷಣ ಅದು ಡಿಸ್ಕ್‌ಗೆ ಹೋಗುವುದಿಲ್ಲ. ಕರ್ನಲ್ ಅದನ್ನು ರ‍್ಯಾಮ್‌ನಲ್ಲಿ ಇಟ್ಟುಕೊಂಡು ಸುಮಾರು 30 ಸೆಕೆಂಡ್ ಆದ ಮೇಲೆ ಬರೆಯುತ್ತದೆ. ಡಿಸ್ಕ್ ನಿಧಾನ ಇದ್ದು ಕೆಲಸ ಜಾಸ್ತಿ ಇದ್ದರೆ ಇನ್ನೂ ತಡ. ಎಕ್ಸ್ಟ್4 ಅನ್ನುವ ಫೈಲ್ ಸಿಸ್ಟಮ್‌ನಲ್ಲಿ ಡಿಸ್ಕ್ ಮೇಲೆ ಜಾಗ ಕೊಡುವುದನ್ನೂ ಕೊನೆಯವರೆಗೆ ಮುಂದಕ್ಕೆ ಹಾಕುತ್ತಾರೆ. ನಡುವೆ ಕರೆಂಟ್ ಹೋದರೆ ಫೈಲಿನ ಹೆಸರು ಉಳಿಯುತ್ತದೆ, ಒಳಗಿನದು ಇರುವುದಿಲ್ಲ. 0 ಬೈಟ್.

2009ರಲ್ಲಿ ಉಬುಂಟುನಲ್ಲಿ ಎಕ್ಸ್ಟ್4 ಹಾಕಿಕೊಂಡವರಿಗೆ ಮಷಿನ್ ಹ್ಯಾಂಗ್ ಆದಮೇಲೆ ಸೆಟ್ಟಿಂಗ್ ಫೈಲೆಲ್ಲ ಖಾಲಿ ಸಿಗುತ್ತಿದ್ದವು. ದೊಡ್ಡ ಚರ್ಚೆ ಆಗಿತ್ತು. ಆಮೇಲೆ, 2010ರಲ್ಲಿ, ಡಿಪಿಕೆಜಿ ಪ್ರತಿ ಫೈಲಿಗೂ ಎಫ್‌ಸಿಂಕ್ ಕರೆಯಲು ಶುರು ಮಾಡಿತು. ಅಂದರೆ ‘ಡಿಸ್ಕ್‌ಗೆ ಮುಟ್ಟಿತು ಅಂತ ಹೇಳು, ಆಮೇಲೆ ಹೆಸರು ಬದಲಿಸುತ್ತೇನೆ’ ಅಂತ. ಇದರಿಂದ ಇನ್‌ಸ್ಟಾಲ್ ನಿಧಾನ ಆಯಿತು, ಜನ ಗಲಾಟೆ ಮಾಡಿದರು. ಅದೇ ವರ್ಷ ಈ ಅನ್‌ಸೇಫ್-ಐಒ ಆಯ್ಕೆ ಬಂತು. ಅದು ಹಾಕಿದರೆ ಬಿಚ್ಚಿದ ಫೈಲುಗಳಿಗೆ ಎಫ್‌ಸಿಂಕ್ ಇಲ್ಲ. ಆದರೆ ಯಾವ ಪ್ಯಾಕೇಜ್ ಯಾವ ಸ್ಥಿತಿಯಲ್ಲಿದೆ ಅನ್ನುವ ಡಿಪಿಕೆಜಿಯ ಸ್ವಂತ ಲೆಕ್ಕ ಡಿಸ್ಕ್‌ಗೆ ಭದ್ರವಾಗಿ ಹೋಗುತ್ತಲೇ ಇರುತ್ತದೆ.

ನಿಮ್ಮ ಲೈಬ್ರರಿಗೆ ಹೋಲಿಸಿ ನೋಡು. ಪುಸ್ತಕ ಬಂತು ಅಂತ ರಿಜಿಸ್ಟರ್‌ನಲ್ಲಿ ಬರೆದಾಯಿತು. ಕಪಾಟಿನಲ್ಲಿ ಬರೀ ರಟ್ಟು ಇದೆ, ಹಾಳೆಗಳು ಇನ್ನೂ ಟೆಂಪೋದಲ್ಲೇ ಇದ್ದವು. ಆಡಿಟ್ ನೋಡುವುದು ರಿಜಿಸ್ಟರನ್ನು ಮಾತ್ರ.

ಕಪಾಟು ನೋಡಬೇಕಾದರೆ ‘ಡಿಪಿಕೆಜಿ --ವೆರಿಫೈ’ ಕೊಡು. ಪ್ರತಿ ಫೈಲಿನ ಎಂಡಿ5 (ಒಳಗಿನದರಿಂದ ಬರುವ ಗುರುತು ಸಂಖ್ಯೆ) ಲೆಕ್ಕ ಹಾಕಿ, ತಾಳೆ ಆಗದ ಫೈಲಿನ ಸಾಲಿನಲ್ಲಿ ಮೂರನೇ ಜಾಗದಲ್ಲಿ 5 ತೋರಿಸುತ್ತದೆ. ಸಾಲಿನಲ್ಲಿ ‘ಸಿ’ ಅಕ್ಷರ ಇದ್ದರೆ ಅದು ಸೆಟ್ಟಿಂಗ್ ಫೈಲ್, ನೀನೇ ಬದಲಿಸಿರಬಹುದು, ಗಾಬರಿ ಬೇಡ. ಉಳಿದವು ಯಾವ ಪ್ಯಾಕೇಜಿನವು ಅಂತ ‘ಡಿಪಿಕೆಜಿ -ಎಸ್’ ಹೇಳುತ್ತದೆ. ಅವನ್ನು ‘ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್’ ಮಾಡು. ಸೊನ್ನೆ ಬೈಟ್ ಫೈಲೆಲ್ಲ ಹುಡುಕಿ ಅಳಿಸಲು ಮಾತ್ರ ಹೋಗಬೇಡ. ಕೆಲವು ಪ್ಯಾಕೇಜುಗಳಲ್ಲಿ ಬೇಕೆಂದೇ ಖಾಲಿ ಇಟ್ಟ ಫೈಲುಗಳಿರುತ್ತವೆ.

ಎಲ್ಲಕ್ಕಿಂತ ಮೊದಲು ಆ ಸಾಲನ್ನು ಒಂಬತ್ತೂ ಮಷಿನ್‌ನಿಂದ ತೆಗೆ. ಇವತ್ತೇ.

ವಾಸ್ಕೋ_ಬಂದರು

ಗೋವಾದಿಂದ ಒಂದು ಮಾತು. ಆ ಸಲಹೆ ಎಲ್ಲಿಂದ ಹಬ್ಬಿತು ಅಂತ ನನಗೆ ಅಂದಾಜಿದೆ. ಡಾಕರ್‌ನ ಡೆಬಿಯನ್ ಇಮೇಜ್‌ಗಳಲ್ಲಿ (ಬೇಕಾದಾಗ ಕಟ್ಟಿ ಬಳಸುವ ಸಿದ್ಧ ಸಿಸ್ಟಮ್ ಪ್ರತಿಗಳು) ಈ ಸಾಲು ಮೊದಲೇ ಇರುತ್ತದೆ. ಅಲ್ಲಿ ಅದು ಸರಿ. ಇಮೇಜ್ ಕಟ್ಟುವಾಗ ಮಷಿನ್ ಬಿದ್ದರೆ ಎಸೆದು ಮತ್ತೆ ಕಟ್ಟುತ್ತೇವೆ. ಅದನ್ನು ನೋಡಿ ಜನ ತಮ್ಮ ನಿಜವಾದ ಮಷಿನ್‌ಗೂ ಹಾಕಿಕೊಳ್ಳುತ್ತಾರೆ. ಹಾಗಾಗಿ ಆಯ್ಕೆಯನ್ನೇ ತೆಗೆಯಿರಿ ಅಂತ ವರದಿ ಕೊಡಬೇಡಿ, ಒಪ್ಪುವುದಿಲ್ಲ. ಡೇಟಾ ಹೋಗಬಹುದು ಅಂತ ಡಿಪಿಕೆಜಿಯ ಕೈಪಿಡಿಯಲ್ಲೇ (ಮ್ಯಾನ್ ಪೇಜ್) ಎಚ್ಚರಿಕೆ ಇದೆ. ಎಕ್ಸ್ಟ್4ಗೆ ಇದರ ಬದಲು ‘ನೋಡೆಲಲಾಕ್’ (ಜಾಗ ಕೊಡುವುದನ್ನು ಮುಂದಕ್ಕೆ ಹಾಕಬೇಡ) ಅಂತ ಮೌಂಟ್ ಮಾಡಿ ಅಂತಲೂ ಅಲ್ಲೇ ಇದೆ.

ಕಪಾಟು_ಪುಣೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಘದಲ್ಲಿ ಕೂತು ಮಾಡಿದೆ. ವೆರಿಫೈ ಒಟ್ಟು ಹದಿನೇಳು ಫೈಲ್ ತೋರಿಸಿತು. ಮೂರು ಪ್ಯಾಕೇಜ್ ಮತ್ತೆ ಹಾಕಿದೆ, ಲಿಬ್ರೆಆಫೀಸ್ ತೆರೆಯಿತು. ಒಂಬತ್ತರಲ್ಲೂ ಆ ಸಾಲು ತೆಗೆದಾಯಿತು.

ಆದರೂ ಕಣ್ಣಾರೆ ನೋಡಬೇಕು ಅನ್ನಿಸಿತು. ಮನೆಯ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್ ಮಷಿನ್ ಮಾಡಿ, ಇನ್‌ಸ್ಟಾಲ್ ಮುಗಿದ ತಕ್ಷಣ ಪವರ್ ಆಫ್ ಕೊಟ್ಟೆ. ಆ ಸಾಲು ಇದ್ದಾಗ ಐದರಲ್ಲಿ ಮೂರು ಸಲ ಖಾಲಿ ಫೈಲ್ ಸಿಕ್ಕವು. ತೆಗೆದ ಮೇಲೆ ಐದೂ ಸಲ ಒಂದೂ ಇಲ್ಲ. ಡಿಪಿಕೆಜಿ ನಿಧಾನ ಅಂತ ಇಷ್ಟು ದಿನ ಬೈಯುತ್ತಿದ್ದೆ. ಅದು ನನ್ನ ಮಕ್ಕಳ ಮಷಿನ್ ಕಾಯುತ್ತಿತ್ತು ಅಂತ ಈಗ ಗೊತ್ತಾಯಿತು.

ಪ್ಯಾಕೇಜ್ ತಿದ್ದಿ 2.1 ಅಂತ ಹೊಸದು ಮಾಡುತ್ತಿದ್ದೇನೆ. ಉಳಿದ ಮೂರು ಮಷಿನ್ ಯುಪಿಎಸ್ ಬ್ಯಾಟರಿ ಬಂದ ಮೇಲೆಯೇ.

ವಾಸ್ಕೋ_ಬಂದರು

2.1 ಅಂತ ಎಲ್ಲಾ ಕಡೆ ಹಾಕುವ ಮೊದಲು ಒಂದು ಮಷಿನ್‌ನಲ್ಲಿ 2.1~1 ಅಂತ ಹೆಸರಿಟ್ಟು ನೋಡಿ. ಟಿಲ್ಡೆ (~) ಇರುವ ಆವೃತ್ತಿ ಡಿಪಿಕೆಜಿ ಲೆಕ್ಕದಲ್ಲಿ 2.1ಕ್ಕಿಂತ ಹಳೆಯದು. ಹಾಗಾಗಿ ಆಮೇಲೆ 2.1 ಕೊಟ್ಟಾಗ ತಾನಾಗೇ ಅಪ್‌ಗ್ರೇಡ್ ಆಗುತ್ತದೆ. ಪರೀಕ್ಷೆ ಮಾಡುವಾಗ ಪೋಸ್ಟ್‌ಇನ್ಸ್ಟ್ ನಡುವೆ ಕಂಟ್ರೋಲ್-ಸಿ ಒತ್ತಿ, ಮತ್ತೆ ಕಾನ್ಫಿಗರ್ ಕೊಟ್ಟು ನೋಡಿ.

ಸರಿ ಬಂದರೆ ಡೆಬ್ ಫೈಲ್ ಇಲ್ಲಿ ಹಾಕುತ್ತೀರಾ? ನಮ್ಮಲ್ಲೂ ನಾಲ್ಕು ಮಷಿನ್ ಇವೆ, ಮಕ್ಕಳೂ ಇದ್ದಾರೆ.

ಕಪಾಟು_ಪುಣೆ

ಖಂಡಿತ. ಈಗಷ್ಟೇ ಆರನೇ ಮಷಿನ್‌ನಲ್ಲಿ 2.1~1 ಹಾಕಿ, ಫಾಂಟ್ ಸಾಲಿನಲ್ಲಿ ಎರಡು ಸಲ ನಿಲ್ಲಿಸಿದೆ. ಮೂರನೇ ಸಲ ಪೂರ್ತಿ ಓಡಿತು. ಶನಿವಾರದ ಕ್ಲಾಸ್ ಮುಗಿಸಿ ಹಾಕುತ್ತೇನೆ.